ಶಿಬಿರದ ಎಂಟನೆಯ ದಿನ

ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರಗಳು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಿಗೆ ಹೊಸತಲ್ಲ. ಶಾಲೆಯ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಮುಂಜಾನೆ ಪ್ರಭಾತಫೇರಿ, ಬಳಿಕ ಚರಂಡಿಯ ಶುಚಿ, ಗಿಡ ನೆಡುವಿಕೆ, ಸಂಜೆ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಏಳನೆಯ ದಿನ ಸಮಾರೋಪ ನಡೆದು ವಿದ್ಯಾರ್ಥಿಗಳು ಊರಿಗೆ ಮರಳುತ್ತಾರೆ. ಎಂಟನೆಯ ದಿನದಿಂದ ಆ ಗಿಡಗಳಿಗೆ ನೀರೆರೆಯುವವರು ಯಾರೆಂಬುದನ್ನು ವರದಿಯಲ್ಲಿ ಯಾರೂ ಬರೆಯುವುದಿಲ್ಲ.

ಈ ಯೋಜನೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಅದರ ನಿಯಮ. ದುಡಿಮೆಯ ಗೌರವವನ್ನು ಅರಿಯದ ಪಟ್ಟಣದ ಯುವಕನ ಕೈಗೆ ಗುದ್ದಲಿ ಕೊಡುವುದು ಅಂದಿನ ಹಿರಿಯರಿಗೆ ಅಗತ್ಯವಾಗಿ ಕಂಡಿದ್ದರೆ ಅದು ಸಹಜವೇ. ಆದರೆ ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಓದುವವರಲ್ಲಿ ಬಹಳಷ್ಟು ಮಂದಿ ರೈತರ ಮಕ್ಕಳೇ. ಕಬ್ಬಿನ ಗದ್ದೆಯಲ್ಲಿ ಬೆಳೆದ ಹುಡುಗನಿಗೆ ಗುದ್ದಲಿ ಹಿಡಿಯುವುದನ್ನು ಶಿಬಿರ ಕಲಿಸಬೇಕೆ? ಚರಂಡಿಯ ಹೂಳನ್ನು ಹಳ್ಳಿಯವರೇ ಎತ್ತಬಲ್ಲರು. ಅವರಿಗೆ ಕಷ್ಟವಾಗುವುದು ಬೇರೆ ಕೆಲಸ.

ಮದ್ದೂರು ಮತ್ತು ಮಂಡ್ಯಗಳ ನಡುವೆ ಹೆದ್ದಾರಿಗೂ ರೈಲುಮಾರ್ಗಕ್ಕೂ ತಾಗಿರುವ ಹನಕೆರೆಯನ್ನೇ ನೋಡೋಣ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಇದೇ ಸೀಮೆಯ ಗೆಜ್ಜಲಗೆರೆಯಲ್ಲಿ ಲೋಕಾರ್ಪಣೆಯಾಯಿತು. ಅದೇ ವರ್ಷ ಹನಕೆರೆಯ ಗ್ರಾಮಸ್ಥರು ರಸ್ತೆಯ ಅತ್ತಿತ್ತ ಹೋಗಲು ಕೆಳಸೇತುವೆ ಬೇಕೆಂದು ಪ್ರತಿಭಟಿಸಿದರು. ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರ್‌ಗಳಿಗೆ ಮುಖ್ಯ ಪಥವೇ ನಿಷಿದ್ಧವಾಯಿತು. ಇಂತಹ ಬೇಡಿಕೆ ಘೋಷಣೆಯಲ್ಲಿಯೇ ಉಳಿದರೆ ಅಧಿಕಾರಿ ಕೇಳಿಸಿಕೊಂಡು ಕಳುಹಿಸುತ್ತಾನೆ. ಯಾವ ಹೊತ್ತಿನಲ್ಲಿ ಎಷ್ಟು ಮಂದಿ ರಸ್ತೆ ದಾಟಬೇಕಾಗುತ್ತದೆ, ಅವರಲ್ಲಿ ಶಾಲಾಮಕ್ಕಳೆಷ್ಟು, ವೃದ್ಧರೆಷ್ಟು, ಗದ್ದೆಗೆ ಹೋಗುವ ಬಂಡಿಗಳೆಷ್ಟು, ಸುತ್ತಿ ಬರುವವನಿಗೆ ಎಷ್ಟು ದೂರ ಹೆಚ್ಚಾಗುತ್ತದೆ ಎಂಬ ಲೆಕ್ಕವನ್ನು ದಿನಾಂಕ ಸಹಿತ ಮುಂದಿಟ್ಟರೆ ಅವನು ಉತ್ತರ ಕೊಡಲೇಬೇಕಾಗುತ್ತದೆ. ಹಗಲಿಡೀ ಹೊಲದಲ್ಲಿರುವವನಿಗೆ ಈ ಲೆಕ್ಕ ಬರೆಯಲು ಬಿಡುವೆಲ್ಲಿ? ಹತ್ತು ವಿದ್ಯಾರ್ಥಿಗಳು ಸರದಿಯಂತೆ ಒಂದು ವಾರ ಕುಳಿತರೆ ಕೆಲಸ ಮುಗಿಯುತ್ತದೆ. ಸಂಖ್ಯಾಶಾಸ್ತ್ರದ ಪಾಠವೂ ಆದಂತೆ!

ನಾಲೆಯ ವಿಷಯವಂತೂ ಇನ್ನೂ ನೋವಿನದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆ ಬಳಿಕವೂ ಇದೇ ನಾಲೆಗೆ ವಾಹನಗಳು ಬಿದ್ದ ಸುದ್ದಿಯನ್ನು ಓದಿದ್ದೇವೆ. ನಾಲೆಯ ದಂಡೆಯ ಮೇಲೆ ನಡೆದು, ತಡೆಗೋಡೆ ಇಲ್ಲದ ತಿರುವುಗಳನ್ನು ಗುರುತಿಸಿ ನಕ್ಷೆ ಮಾಡಿ ಜಿಲ್ಲಾಡಳಿತದ ಕೈಗಿಡುವುದು ಪದವಿ ತರಗತಿಯವರಿಗೆ ಅಸಾಧ್ಯವಾದ ಕೆಲಸವಲ್ಲ. ನೂರು ಸಸಿಗಳಿಗಿಂತ ಅಂತಹ ಒಂದು ನಕ್ಷೆ ಮೇಲೆಂದು ನಾವು ಹೇಳಿದರೆ ಪರಿಸರಪ್ರಿಯರು ಮುನಿಯಬಾರದು.

ನಮ್ಮ ಕಥೋಲಿಕ ವಿದ್ಯಾಸಂಸ್ಥೆಗಳಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಯೇಸುಸಭೆಯ ಮಹಾಧಿಪತಿಗಳಾಗಿದ್ದ ಪೂಜ್ಯ ಪೆದ್ರೊ ಅರುಪೆಯವರು 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ತಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಕುರಿತು, ನ್ಯಾಯಕ್ಕಾಗಿ ದುಡಿಯುವ ಶಿಕ್ಷಣವನ್ನು ನಿಮಗೆ ನಾವು ಕೊಟ್ಟಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕೇಳಿದವರಲ್ಲಿ ಅಸಮಾಧಾನಗೊಂಡವರಿದ್ದರು. ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ಪದವೀಧರರಿಂದ ಗ್ರಾಮಾಂತರ ಸೇವೆಯನ್ನು ನಿರೀಕ್ಷಿಸುತ್ತ ಬಂದಿದೆ. ಅಲ್ಲಿ ಸೇವೆಯೆಂಬುದು ಕಲಿತ ವಿದ್ಯೆಯ ಬಳಕೆಯೇ ಆಗಿದೆ. ನಮ್ಮ ಉಳಿದ ಶಾಲಾ ಕಾಲೇಜುಗಳಲ್ಲಿ ಅನಾಥಾಲಯಕ್ಕೆ ವರ್ಷಕ್ಕೊಮ್ಮೆ ಹಣ್ಣು ಹಂಚಿ, ಭಾವಚಿತ್ರ ತೆಗೆಸಿಕೊಂಡು ಬರುವುದೂ ಸೇವೆಯ ಲೆಕ್ಕಕ್ಕೆ ಸೇರುವುದುಂಟು.

ಲೆಕ್ಕ ಹಿಡಿದು ಕಚೇರಿಗೆ ಹೋದರೆ ರಾಜಕೀಯದ ಬಣ್ಣ ಬಂದೀತೆಂದು ಪ್ರಾಂಶುಪಾಲರು ಅಂಜಬಹುದು. ಅಂಜಿಕೆ ನಿರಾಧಾರವಲ್ಲ. ಆದರೆ ವಿದ್ಯಾರ್ಥಿಗಳು ಧರಣಿ ಕೂರಬೇಕೆಂದು ನಾವು ಹೇಳುತ್ತಿಲ್ಲ. ಅವರು ಎಣಿಸಲಿ, ಅಳೆಯಲಿ, ತಪ್ಪಿಲ್ಲದೆ ಬರೆದು ಗ್ರಾಮ ಪಂಚಾಯಿತಿಗೆ ಒಪ್ಪಿಸಲಿ. ಕೇಳುವ ಹಕ್ಕು ಹಳ್ಳಿಯವರದು.

ಕಾಲೇಜುಗಳು ವರ್ಷಕ್ಕೊಂದು ಹಳ್ಳಿಯನ್ನು ಹುಡುಕದೆ, ಒಂದೇ ಹಳ್ಳಿಗೆ ಕನಿಷ್ಠ ಮೂರು ವರ್ಷ ಹೋಗಲಿ. ಮೊದಲ ದಿನದ ಉದ್ಘಾಟನೆಯ ಬದಲು ಗ್ರಾಮಸಭೆ ಕರೆದು, ಮಾಡಬೇಕಾದ ಕೆಲಸವೇನೆಂದು ಊರಿನವರನ್ನೇ, ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳಲಿ. ಪ್ರಮಾಣಪತ್ರವನ್ನು ಸಮಾರೋಪದ ವೇದಿಕೆಯಲ್ಲಿ ಹಂಚದೆ, ಮರುವರ್ಷ ಅದೇ ಗ್ರಾಮಸಭೆಯಲ್ಲಿ, ಕೆಲಸ ಏನಾಯಿತೆಂದು ವಿದ್ಯಾರ್ಥಿಗಳು ಎದ್ದು ನಿಂತು ಹೇಳಿದ ಬಳಿಕ ಕೊಡಲಿ.