ಹಳ್ಳಿ ಮಕ್ಕಳಿಗೆ ಓಪನಿಂಗ್ ಬಾಯಿಪಾಠ ಮಾಡಿಸಬೇಡಿ

ಬೆಂಗಳೂರಿನಲ್ಲಿ ಭಾನುವಾರ ಚೆಸ್ ಟೂರ್ನಿ ಇದೆ ಅಂದರೆ ಬಂಗಾರಪೇಟೆ, ಮಾಲೂರು, ಹೊಸಕೋಟೆ ಕಡೆಯ ಮಕ್ಕಳು ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ರೈಲಿನವರು ಕೆ.ಆರ್. ಪುರದಲ್ಲೋ ದಂಡು ಸ್ಟೇಷನ್ನಿನಲ್ಲೋ ಇಳಿಯುತ್ತಾರೆ, ಬಸ್ಸಿನವರು ಟಿನ್ ಫ್ಯಾಕ್ಟರಿಯಲ್ಲಿ. ಹಾಲ್‌ನಲ್ಲಿ ಎದುರು ಕೂತ ಇಂದಿರಾನಗರದ ಹುಡುಗ ಮೊದಲ ಹತ್ತು ನಡೆಗಳನ್ನು ಯೋಚಿಸದೆ ಟಕಟಕ ಆಡಿಬಿಡುತ್ತಾನೆ. ನಮ್ಮ ಮಗು ಅಲ್ಲೇ ಅರ್ಧ ಸೋತಿರುತ್ತದೆ. ಸಂಜೆ ಅಪ್ಪ ಅಮ್ಮನಿಗೆ ಸಿಗುವ ಉಪದೇಶ ಒಂದೇ: "ಓಪನಿಂಗ್ ಥಿಯರಿ ವೀಕ್ ಇದೆ, ಕ್ಲಾಸಿಗೆ ಸೇರಿಸಿ."

ಈ ಉಪದೇಶ ತಪ್ಪು ಎಂಬುದು ನಮ್ಮ ವಾದ.

ಮೊದಲು ಮಾತು ಬಿಡಿಸಿಕೊಳ್ಳೋಣ. ಆಟದ ಆರಂಭದ ನಡೆಗಳಿಗೆ ಓಪನಿಂಗ್ ಎನ್ನುತ್ತಾರೆ. ದೊಡ್ಡ ಆಟಗಾರರು ನೂರಾರು ವರ್ಷ ಆಡಿ, ಪರೀಕ್ಷಿಸಿ, ಇದೇ ಉತ್ತಮ ಎಂದು ಒಪ್ಪಿದ ಹಾದಿ ಮೇನ್‌ಲೈನ್. ಕಡಿಮೆ ಜನ ಆಡುವ ಪಕ್ಕದ ಹಾದಿ ಸೈಡ್‌ಲೈನ್. ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೋಗುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹಳೇ ಮದ್ರಾಸ್ ರಸ್ತೆಯೇ ಸರಿಯಾದ ದಾರಿ, ಸುಳ್ಳಲ್ಲ. ಆದರೆ ಎಲ್ಲರೂ ಅಲ್ಲೇ ನುಗ್ಗುತ್ತಾರೆ. ಒಳದಾರಿ ಗೊತ್ತಿರುವ ಆಟೋದವರು ಹಲಸೂರಿನ ಗಲ್ಲಿಗೆ ತಿರುಗಿಸುತ್ತಾರೆ.

ಮೇನ್‌ಲೈನಿನ ಭಾರ ಎಷ್ಟೆಂದು ನೋಡಿ. ಸಿಸಿಲಿಯನ್ ನೈಡೋರ್ಫ್ ಎಂಬ ಹೆಸರಾಂತ ಓಪನಿಂಗ್‌ನಲ್ಲಿ ಕಪ್ಪು ಐದನೇ ನಡೆಗೆ ಅಂಚಿನ ಕಾಲಾಳನ್ನು ಎ6ಕ್ಕೆ ಇಡುತ್ತದೆ. ಆಮೇಲೆ ಬಿಳಿಗೆ ಒಳ್ಳೆಯ ದಾರಿಗಳೇ ಏಳೆಂಟು. ಒಂದೊಂದಕ್ಕೂ ಬೇರೆ ಉತ್ತರ, ಆ ಉತ್ತರಕ್ಕೆ ಮತ್ತೆ ಕವಲು. ಎಷ್ಟೋ ಕವಲುಗಳಲ್ಲಿ ಒಂದು ನಡೆ ಮರೆತರೆ ರಾಜನೇ ಬಯಲಿಗೆ ಬೀಳುತ್ತಾನೆ. ಇದನ್ನು ನೆನಪಿಡಲು ಕೋಚ್ ಬೇಕು, ಲ್ಯಾಪ್‌ಟಾಪ್ ಬೇಕು, ದಿನಾ ಸಂಜೆ ಎರಡು ಗಂಟೆ ಬಿಡುವು ಬೇಕು. ಸಂಜೆ ಹಸುವಿಗೆ ಹುಲ್ಲು ತರುವ ಮಗುವಿಗೆ ಇದು ಚದುರಂಗದ ಸ್ಪರ್ಧೆಯಲ್ಲ, ಸೌಕರ್ಯದ ಸ್ಪರ್ಧೆ.

ಕೋಚ್ ಸಿಗುವುದೂ ಸುಲಭವಿರಲಿಲ್ಲ. ಚೆನ್ನೈನ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಲ್ಲಿ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಸಿಕ್ಕಿದ್ದು 2017ರಲ್ಲಿ. ನಡುವೆ 29 ವರ್ಷ. ಇಡೀ ರಾಜ್ಯಕ್ಕೇ ಇಷ್ಟು ತಡವಾಗಿ ಬಂದ ವಿದ್ಯೆ ನಿಮ್ಮೂರಿನ ಶಾಲೆಯ ಜಗಲಿಗೆ ಇನ್ನೂ ಬಂದಿಲ್ಲ ಅಂದರೆ ತಪ್ಪು ಮಗುವಿನದಲ್ಲ.

ಹಾಗಾದರೆ ದಾರಿ? ನೆನಪಿನ ಭಾರ ಕಡಿಮೆ ಇರುವ, ಆದರೆ ಗಟ್ಟಿಯಾದ ಒಂದು ಒಳದಾರಿ ಹಿಡಿಯಿರಿ. ಬಿಳಿ ಬಂದಾಗ ಲಂಡನ್ ಸಿಸ್ಟಮ್: ಮೊದಲು ಡಿ4, ನಂತರ ಒಂಟೆಯನ್ನು ಎಫ್4ಕ್ಕೆ ತರುವುದು, ಅದಾದ ಮೇಲೆ ಇ3. ಕ್ರಮ ಯಾಕೆ ಹೀಗೆ? ಇ3 ಮೊದಲು ಆಡಿದರೆ ಒಂಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಕಾರಣ ಗೊತ್ತಾದರೆ ಬಾಯಿಪಾಠ ಬೇಡ. ಕಪ್ಪು ಬಂದಾಗ, ಎದುರಾಳಿ ಇ4 ಆಡಿದರೆ ಡಿ5 ಎಂದು ಉತ್ತರಿಸುವ ಸ್ಕ್ಯಾಂಡಿನೇವಿಯನ್ ಇದೆ. ಇದರಲ್ಲಿ ಮಂತ್ರಿ ಬೇಗ ಹೊರಬಂದು ಒಂದು ನಡೆ ನಷ್ಟವಾಗುತ್ತದೆ, ನಿಜ. ಬದಲಿಗೆ ಆಟ ಬೇಗನೆ ನಿಮಗೆ ಪರಿಚಯದ ನೆಲಕ್ಕೆ ಬರುತ್ತದೆ. ಐದಾರು ನಡೆಗಳಾದ ಮೇಲೆ ಇಬ್ಬರೂ ಸ್ವಂತ ತಲೆಯಿಂದ ಯೋಚಿಸಲೇಬೇಕು. ನಮಗೆ ಬೇಕಾದದ್ದೂ ಅದೇ.

ಇದು ಬಡವರ ಅನಿವಾರ್ಯ ಅಂದುಕೊಳ್ಳಬೇಡಿ. 2023ರಲ್ಲಿ ಅಸ್ತಾನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಆರನೇ ಆಟವನ್ನು ಡಿಂಗ್ ಲಿರೆನ್ ಗೆದ್ದದ್ದು ಇದೇ ಲಂಡನ್ ಮಾದರಿಯಿಂದ. ಕೊನೆಗೆ ಪಟ್ಟವೂ ಅವರದೇ ಆಯಿತು. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ಟೋನಿ ಮೈಲ್ಸ್, ವಿಶ್ವ ಚಾಂಪಿಯನ್ ಕಾರ್ಪೋವ್ ಎದುರು ಮೊದಲ ನಡೆಗೇ ಎ6 ಆಡಿ ಗೆದ್ದರು. ಕಾರ್ಪೋವ್ ಕಲಿತ ಪಾಠ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ನಮ್ಮ ಅಜ್ಜಂದಿರು ಆಡುತ್ತಿದ್ದ ಚದುರಂಗದಲ್ಲಿ ಕಾಲಾಳಿಗೆ ಒಂದೇ ಮನೆ ನಡೆ. ಅಂಥ ನಾಡಿನ ಆಟ ಆಡಿ ಬೆಳೆದವರು ಪಂಜಾಬಿನ ಮೀರ್ ಸುಲ್ತಾನ್ ಖಾನ್. ಇಂಗ್ಲೆಂಡಿಗೆ ಹೋದಾಗ ಅವರಿಗೆ ಓಪನಿಂಗ್ ಥಿಯರಿ ಹೆಚ್ಚು ಗೊತ್ತಿರಲಿಲ್ಲ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನೂ ಸೋಲಿಸಿದರು. ಆರಂಭದಲ್ಲಿ ಕಳೆದುಕೊಂಡದ್ದನ್ನು ಅವರು ನಡುವಿನಾಟದಲ್ಲಿ, ಕೊನೆಯಾಟದಲ್ಲಿ ವಸೂಲು ಮಾಡುತ್ತಿದ್ದರು.

ಆದರೆ ಎಚ್ಚರ. ಯೂಟ್ಯೂಬಿನಲ್ಲಿ "ನಾಲ್ಕೇ ನಡೆಯಲ್ಲಿ ಮೇಟ್" ಎಂದು ಮಾರುವವರೂ ಇದ್ದಾರೆ. ಅದು ಒಳದಾರಿಯಲ್ಲ, ಬಲೆ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಎದುರಾಳಿ ಸರಿಯಾದ ಉತ್ತರ ಕೊಟ್ಟರೂ ನಮ್ಮ ಆಟ ನೆಟ್ಟಗೆ ನಿಲ್ಲುತ್ತದೆಯೇ? ನಿಂತರೆ ಸೈಡ್‌ಲೈನ್. ಕುಸಿದರೆ ಬಲೆ. ಬಲೆ ನಂಬಿದ ಮಗು ಊರಿನಲ್ಲಿ ಹತ್ತು ಆಟ ಗೆದ್ದು, ಸಿಟಿಯಲ್ಲಿ ಮೊದಲ ಸುತ್ತಿಗೇ ಮಂತ್ರಿ ಕಳೆದುಕೊಂಡು ಕೂರುತ್ತದೆ.

ಕೋಚ್‌ಗಳ ವಾದದಲ್ಲೂ ಹುರುಳಿದೆ. ಮೇನ್‌ಲೈನ್ ಆಡಿದರೆ ಬಗೆಬಗೆಯ ಆಟ ಕಲಿಯಬಹುದು. ದಿನಾ ಲಂಡನ್ ಆಡಿದರೆ ಕೈ ಜಡ್ಡುಗಟ್ಟುತ್ತದೆ ಎನ್ನುತ್ತಾರೆ. ಒಪ್ಪುತ್ತೇವೆ. ರೇಟಿಂಗ್ ಏರಿದಂತೆ, ಎದುರಾಳಿಗಳು ನಿಮ್ಮ ಒಳದಾರಿಗೂ ಸಿದ್ಧರಾಗಿ ಬಂದಾಗ, ಹೆದ್ದಾರಿಗೆ ಬರಲೇಬೇಕು. ಅದಕ್ಕೇ ಮೇನ್‌ಲೈನಿನ ಹಳೆಯ ಒಳ್ಳೆಯ ಆಟಗಳನ್ನು ಈಗಲೇ ಕಥೆಯಂತೆ ನೋಡುತ್ತಿರಿ. ನಮ್ಮ ತಕರಾರು ಮೇನ್‌ಲೈನ್ ಮೇಲಲ್ಲ. ಆನೆ ಉಳಿಸಿಕೊಳ್ಳಲು ಇನ್ನೂ ಬಾರದ ಮಗುವಿಗೆ ಇಪ್ಪತ್ತು ನಡೆಯ ಫೈಲ್ ಮಾರುವುದರ ಮೇಲೆ.

ನಮ್ಮನ್ನೂ ನಂಬಬೇಡಿ, ಕೋಚ್‌ಗಳನ್ನೂ ನಂಬಬೇಡಿ. ಪುರಾವೆ ನಿಮ್ಮ ಮಗುವಿನ ಚೀಲದಲ್ಲೇ ಇದೆ. ದೊಡ್ಡ ಟೂರ್ನಿಗಳ ನಿಧಾನಗತಿಯ ಆಟದಲ್ಲಿ ಪ್ರತಿ ನಡೆಯನ್ನೂ ಹಾಳೆಯ ಮೇಲೆ ಬರೆಯಬೇಕು. ಸೋತ ಹತ್ತು ಆಟಗಳ ಹಾಳೆ ತೆಗೆಯಿರಿ. ಫೋನಿನಲ್ಲಿ ಲಿಚೆಸ್ ಉಚಿತ. ಅದರೊಳಗಿನ ಸ್ಟಾಕ್‌ಫಿಶ್ ಎಂಜಿನ್ ಆಟ ಎಲ್ಲಿ ಕೆಟ್ಟಿತು ಎಂದು ತೋರಿಸುತ್ತದೆ. ಹತ್ತನೇ ನಡೆಯೊಳಗೆ ಕೆಟ್ಟಿದ್ದರೆ ಓಪನಿಂಗ್ ಕಲಿಸಿ. ಇಪ್ಪತ್ತೈದನೇ ನಡೆಯಲ್ಲಿ ಕುದುರೆ ಪುಕ್ಕಟೆ ಕೊಟ್ಟಿದ್ದರೆ, ನಲವತ್ತನೇ ನಡೆಯಲ್ಲಿ ಗೆದ್ದ ಕೊನೆಯಾಟ ಕೈತಪ್ಪಿದ್ದರೆ, ಯಾವ ಓಪನಿಂಗ್ ಫೈಲೂ ಕಾಪಾಡದು. ದಿನಕ್ಕೆ ಹತ್ತು ಪಜಲ್, ವಾರಕ್ಕೊಂದು ಕೊನೆಯಾಟದ ಪಾಠ ಮಾಡಿಸಿ.

ಮುಂದಿನ ಸಲ ಯಾರಾದರೂ ಓಪನಿಂಗ್ ಪ್ಯಾಕೇಜ್ ಎಂದು ಹಣ ಕೇಳಿದರೆ ಆ ಹತ್ತು ಹಾಳೆಗಳನ್ನು ಅವರ ಮುಂದಿಡಿ. "ಸರ್, ಇದರಲ್ಲಿ ಓಪನಿಂಗಿನಿಂದ ಸೋತದ್ದು ಯಾವುದು ತೋರಿಸಿ" ಎಂದು ಕೇಳಿ. ತೋರಿಸಿದರೆ ಹಣ ಕೊಡಿ. ಇಲ್ಲದಿದ್ದರೆ ಆ ದುಡ್ಡು ಮುಂದಿನ ಟೂರ್ನಿಯ ಎಂಟ್ರಿ ಫೀಸಿಗೂ ರೈಲು ಟಿಕೆಟ್ಟಿಗೂ ಇರಲಿ.