ಒಂದೂವರೆ ಸೆಕೆಂಡಿನ ಬೆಲೆ

ಕಾಫಿ ಧಾರಣೆ ಏರಿದ ವರ್ಷ ಮಲೆನಾಡಿನಲ್ಲಿ ಮೊದಲು ಬದಲಾಗುವುದು ಮನೆಯ ಮುಂದೆ ನಿಂತ ವಾಹನ. 2024–25ರಲ್ಲಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತಲ್ಲ, ಮೂಡಿಗೆರೆಯಿಂದ ಕಳಸದವರೆಗೆ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ ನಡೆದಿರಬೇಕು: ಅಪ್ಪನಿಗೆ ಮೈಲೇಜು ಬೇಕು, ಕಾಲೇಜಿಗೆ ಹೋಗುವ ಮಗನಿಗೆ ಟರ್ಬೊ ಬೇಕು. ಕಾರು ಬಂದ ಆರು ತಿಂಗಳಿಗೆ ಎರಡನೇ ಬೇಡಿಕೆ. ‘ಅಪ್ಪಾ, ಸ್ವಲ್ಪ ರೀಮ್ಯಾಪ್ ಮಾಡಿಸೋಣ. ಯಾವ ಭಾಗವನ್ನೂ ಬಿಚ್ಚುವುದಿಲ್ಲ, ಬರೀ ಸಾಫ್ಟ್‌ವೇರ್. ಮೂವತ್ತು ಅಶ್ವಶಕ್ತಿ ಪುಕ್ಕಟೆ!’

ಈ ‘ಪುಕ್ಕಟೆ’ ಎಂಬ ಮಾತನ್ನು ಸ್ವಲ್ಪ ತೂಗಿ ನೋಡೋಣ.

ಟರ್ಬೊ ಎಂಬುದು ಮೂಲದಲ್ಲಿ ಜಾಣ ಜುಗ್ಗತನ. ಎಂಜಿನ್ ಉಗುಳುವ ಬಿಸಿ ಹೊಗೆ ಸುಮ್ಮನೆ ಸೈಲೆನ್ಸರ್ ದಾರಿ ಹಿಡಿಯುವ ಮೊದಲು ಪುಟ್ಟದೊಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಹಿಡಿದು, ಒತ್ತಿ, ಸಿಲಿಂಡರಿನೊಳಕ್ಕೆ ತುರುಕುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ; ಸಣ್ಣ ಎಂಜಿನ್ ದೊಡ್ಡದರ ಕೆಲಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಶಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಇದರ ತಾಕತ್ತು ಲೋಕಕ್ಕೆ ತಿಳಿದದ್ದು ಬೆಟ್ಟದ ಮೇಲೆ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ನೊಂದನ್ನು ಟ್ರಕ್ಕಿಗೆ ಹೇರಿಕೊಂಡು, ನಾಲ್ಕು ಸಾವಿರ ಮೀಟರಿಗೂ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಹೋದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿನ ತೆಳುಗಾಳಿಯಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದೊಡನೆ ಕಳೆದುಹೋದ ಬಲವೆಲ್ಲ ಮರಳಿ ಬಂತು.

ಮುಳ್ಳಯ್ಯನಗಿರಿ ಅಷ್ಟು ಎತ್ತರವಲ್ಲ, ಸುಮಾರು 1,930 ಮೀಟರ್. ಆದರೂ ಅಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಆರನೇ ಒಂದು ಪಾಲು ತೆಳು. ಟರ್ಬೊ ಇಲ್ಲದ ಹಳೆಯ ಜೀಪು ಕೈಮರ ದಾಟಿ ಮೇಲೇರುವಾಗ ಏದುಸಿರು ಬಿಡುವುದಕ್ಕೆ ಏರು ಒಂದೇ ಕಾರಣವಲ್ಲ. ಅದಕ್ಕೆ ಉಸಿರೂ ಸಾಲದು. ಹಾಗೆ ನೋಡಿದರೆ ನಮ್ಮ ಗುಡ್ಡಗಾಡಿಗೆ ಟರ್ಬೊ ಹೇಳಿಮಾಡಿಸಿದ್ದು. ಇಲ್ಲಿಯವರೆಗೆ ಮಗನ ಮಾತು ಸರಿಯೇ.

ಇನ್ನು ರೀಮ್ಯಾಪ್. ಎಷ್ಟು ಗಾಳಿ ಒತ್ತಬೇಕು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬ ಲೆಕ್ಕವೆಲ್ಲ ಕಾರಿನೊಳಗಿನ ಒಂದು ಪುಟ್ಟ ಕಂಪ್ಯೂಟರಿನಲ್ಲಿರುತ್ತದೆ. ಕಂಪನಿಯವರು ಬೇಸಿಗೆಯ ಬಿಸಿಲು, ಕಳಪೆ ಪೆಟ್ರೋಲು, ತಡವಾಗಿ ಬದಲಿಸಿದ ಆಯಿಲ್ಲು ಎಲ್ಲವನ್ನೂ ನೆನೆದು ಒಂದಿಷ್ಟು ಅಂತರ ಕಾಯ್ದುಕೊಂಡಿರುತ್ತಾರೆ. ರೀಮ್ಯಾಪ್ ಮಾಡುವವರು ತಿನ್ನುವುದು ಈ ಅಂತರವನ್ನೇ. ಒತ್ತಡ ಏರಿದಾಗ ಪೆಟ್ರೋಲು ಕಿಡಿಗೂ ಮೊದಲೇ ಅಥವಾ ಬೇಕಾಬಿಟ್ಟಿ ಹೊತ್ತಿಕೊಂಡರೆ ಪಿಸ್ಟನ್ನಿಗೆ ಸುತ್ತಿಗೆ ಏಟು ಬಿದ್ದಂತೆ. ಹೆಚ್ಚು ಆಕ್ಟೇನಿನ ಪೆಟ್ರೋಲು ಬೇಕು ಎನ್ನುವುದು ಅದಕ್ಕೇ. ಅದು ಎಲ್ಲ ಊರಿನ ಬಂಕಿನಲ್ಲೂ ಸಿಗುವ ಸರಕಲ್ಲ.

ಸರಿ, ಮೂವತ್ತು ಅಶ್ವಶಕ್ತಿ ಬಂತು ಎನ್ನಿ. ಬಂದದ್ದೆಷ್ಟು ಎಂದು ಅಳೆಯುವ ಸರಳ ಪರೀಕ್ಷೆಯೇ ಡ್ರ್ಯಾಗ್ ರೇಸ್. ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತೀರಿ? ತಿರುವಿಲ್ಲ, ಎರಡನೇ ಸುತ್ತಿಲ್ಲ. ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ ಹುಟ್ಟಿ, ಬೀದಿಗಿಳಿದು ಕೆಟ್ಟ ಹೆಸರು ಪಡೆದ ಈ ಆಟವನ್ನು ಶಿಸ್ತಿಗೆ ತರಲೆಂದೇ 1951ರಲ್ಲಿ ವಾಲಿ ಪಾರ್ಕ್ಸ್ ಅಲ್ಲಿ ರಾಷ್ಟ್ರೀಯ ಸಂಘ ಕಟ್ಟಿದ.

ಪಿಯುಸಿ ವಿದ್ಯಾರ್ಥಿಗಳು ಕಾಗದ ತೆಗೆದುಕೊಳ್ಳಿ. ಎಂಜಿನ್ ಒಂದೇ ಸಮ ಶಕ್ತಿ ಕೊಡುತ್ತಿದೆ ಎಂದಿಟ್ಟುಕೊಂಡು, ಆ ಶಕ್ತಿಯನ್ನು ಕಾಲದಿಂದ ಗುಣಿಸಿ ಚಲನಶಕ್ತಿಗೆ ಸಮ ಮಾಡಿ. ವೇಗದಿಂದ ದೂರ ಕಂಡುಹಿಡಿಯಿರಿ. ಕೊನೆಗೆ ಸಿಗುವ ಉತ್ತರ ಸೊಗಸಾಗಿದೆ: ನಿಗದಿತ ದೂರಕ್ಕೆ ಬೇಕಾದ ಕಾಲವು ತೂಕವನ್ನು ಶಕ್ತಿಯಿಂದ ಭಾಗಿಸಿದಾಗ ಬರುವ ಸಂಖ್ಯೆಯ ಘನಮೂಲವನ್ನು ಅವಲಂಬಿಸಿದೆ. ಘನಮೂಲ ಎಂದರೆ ಗೊತ್ತಲ್ಲ, ಮಹಾ ಜಿಪುಣ! ಶಕ್ತಿ ನೂರಕ್ಕೆ ಮೂವತ್ತು ಹೆಚ್ಚಿದರೆ ಕಾಲ ಇಳಿಯುವುದು ನೂರಕ್ಕೆ ಎಂಟೇ.

ಫೋಕ್ಸ್‌ವ್ಯಾಗನ್ ಪೊಲೊ ಜಿಟಿ ಟಿಎಸ್‌ಐ ಕಾರನ್ನೇ ತೆಗೆದುಕೊಳ್ಳಿ. 2013ರಲ್ಲಿ ಬಂದಾಗ ಅದರ 1.2 ಲೀಟರ್ ಟರ್ಬೊ ಎಂಜಿನ್ 105 ಅಶ್ವಶಕ್ತಿಯದು. ಪೊಲೊ ತಯಾರಿಕೆ 2022ರಲ್ಲಿ ನಮ್ಮಲ್ಲಿ ನಿಂತಿತಾದರೂ ಹುಡುಗರ ಕಣ್ಣು ಇನ್ನೂ ಅದರ ಮೇಲಿದೆ. ಚಾಲಕನೂ ಸೇರಿ ಸುಮಾರು 1,200 ಕಿಲೋ ತೂಕಕ್ಕೆ ಲೆಕ್ಕ ಹಾಕಿದರೆ ಕಾಲು ಮೈಲಿಗೆ ಹದಿನೇಳು ಸೆಕೆಂಡಿನ ಆಸುಪಾಸು. 135 ಅಶ್ವಶಕ್ತಿಗೆ ಏರಿಸಿದರೆ ಹದಿನೈದೂವರೆ ಸೆಕೆಂಡು ಚಿಲ್ಲರೆ. ಉಳಿತಾಯ ಒಂದೂವರೆ ಸೆಕೆಂಡಿಗೂ ತುಸು ಕಡಿಮೆ. ಅದೇ ಸೂತ್ರದ ಪ್ರಕಾರ, ಪಕ್ಕದಲ್ಲಿ ಕೂತ ಅರವತ್ತು ಕಿಲೋ ಗೆಳೆಯನನ್ನು ಕೆಳಗಿಳಿಸಿದರೆ ಕಾಲು ಸೆಕೆಂಡು ಉಳಿಯುತ್ತದೆ. ನಿಜವಾಗಿ ಪುಕ್ಕಟೆ ಎಂದರೆ ಇದು!

ಇನ್ನೊಂದು ತಮಾಷೆ ಹೊರಡುವ ಗಳಿಗೆಯಲ್ಲಿದೆ. ಇಂಥ ಕಾರುಗಳಲ್ಲಿ ಎಳೆಯುವುದು ಮುಂದಿನ ಗಾಲಿ. ಜೋರಾಗಿ ಹೊರಟೊಡನೆ ಭಾರ ಹಿಂದಕ್ಕೆ ವಾಲಿ, ಮುಂದಿನ ಟೈರಿನ ಹಿಡಿತ ಇನ್ನಷ್ಟು ಸಡಿಲ. ರೀಮ್ಯಾಪ್‌ನಿಂದ ಬಂದ ಬಲವೆಲ್ಲ ಟೈರು ಸುಟ್ಟ ವಾಸನೆಯಾಗಿ ಗಾಳಿಗೆ ಹೋಗುತ್ತದೆ. ಪೆಡಲನ್ನು ಹದವಾಗಿ ಒತ್ತಬಲ್ಲವನು ಮಾಮೂಲಿ ಕಾರಿನಲ್ಲೇ, ಒರಟು ಕಾಲಿನ ರೀಮ್ಯಾಪ್ ವೀರನನ್ನು ಮೊದಲ ಐವತ್ತು ಮೀಟರಿನಲ್ಲಿ ಹಿಂದೆ ಹಾಕಬಹುದು.

ಆದರೆ ಪಾಲಕರು ನೋಡಬೇಕಾದ ಅಂಕಿ ಬೇರೆ. ಆ ಕಾಲು ಮೈಲಿಯ ತುದಿಯಲ್ಲಿ ಕಾರಿನ ವೇಗ ಗಂಟೆಗೆ ಸುಮಾರು 140 ಕಿಲೋಮೀಟರ್. ಒಣ ಡಾಂಬರಿನ ಮೇಲೆ ನಿಲ್ಲಿಸಲು ಇನ್ನೂ ನೂರೈವತ್ತು ಮೀಟರ್ ಬೇಕು. ಮಳೆಗೆ ತೊಯ್ದ ರಸ್ತೆಯಾದರೆ ಇನ್ನೂರು ಮೀರುತ್ತದೆ. ಅಂದರೆ ಆರುನೂರು ಮೀಟರಿಗೂ ಉದ್ದದ, ನೇರವಾದ, ನರಪಿಳ್ಳೆಯಿಲ್ಲದ ರಸ್ತೆ. ಕೊಟ್ಟಿಗೆಹಾರದಿಂದ ಚಾರ್ಮಾಡಿಯತ್ತ ಅಂಥದ್ದನ್ನು ಹುಡುಕಿ ನೋಡಿ! ಬಯಲಿನ ಕಡೂರು ರಸ್ತೆಯಲ್ಲಿ ನೇರ ದಾರಿ ಸಿಕ್ಕೀತು, ಖಾಲಿ ದಾರಿ ಸಿಗದು. ತೋಟದ ಕೆಲಸ ಮುಗಿಸಿ ರಸ್ತೆಯಂಚಿನಲ್ಲಿ ಸಾಲಾಗಿ ನಡೆಯುವ ಹೆಂಗಸರಿಗೆ ನಿಮ್ಮ ಸ್ಟಾಪ್‌ವಾಚ್ ಕಾಣುವುದಿಲ್ಲ.

ಕಾನೂನೂ ಈಗ ಮೊದಲಿನಷ್ಟು ಸಡಿಲವಿಲ್ಲ. 2019ರ ತಿದ್ದುಪಡಿಯ ನಂತರ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಮಗ ಸ್ಟೀರಿಂಗ್ ಹಿಡಿದು ಅಪರಾಧ ಮಾಡಿದರೆ ಕಟಕಟೆಗೆ ಹೋಗಬೇಕಾದವರು ಅಪ್ಪ ಅಥವಾ ವಾಹನದ ಮಾಲೀಕರು: ಮೂರು ವರ್ಷದವರೆಗೆ ಸೆರೆ, 25 ಸಾವಿರ ದಂಡ, ಕಾರಿನ ನೋಂದಣಿ ಒಂದು ವರ್ಷ ರದ್ದು. ವಿಮೆಯ ಪಾಲಿಸಿಯನ್ನು ತೆಗೆದು ಸಣ್ಣಕ್ಷರ ಓದಿ. ರೇಸಿನಲ್ಲಾದ ಹಾನಿಗೆ ಪರಿಹಾರವಿಲ್ಲವೆಂದು ಬರೆದಿರುತ್ತದೆ.

ಹಾಗಾದರೆ ಹುಡುಗರು ಆಸೆಯನ್ನು ಅದುಮಿಟ್ಟುಕೊಳ್ಳಬೇಕೆ? ಬೇಕಿಲ್ಲ. ಮಹಾರಾಷ್ಟ್ರದ ಆಂಬಿ ವ್ಯಾಲಿಯಲ್ಲಿ ವಿಮಾನದ ಓಡುದಾರಿಯನ್ನೇ ಬಿಟ್ಟುಕೊಟ್ಟು ಕಾರುಗಳ ಡ್ರ್ಯಾಗ್ ರೇಸ್ ನಡೆಸಿದ್ದಾರೆ. ಬೆಂಗಳೂರಿನ ಹೇಮಂತ್ ಮುದ್ದಪ್ಪ ಬೈಕುಗಳ ಡ್ರ್ಯಾಗ್ ರೇಸಿನಲ್ಲಿ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಬೀದಿಯಲ್ಲಲ್ಲ, ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲಿ.

ಅಷ್ಟು ದೂರವೂ ಬೇಡ. ಚಿಕ್ಕಮಗಳೂರಿಗೆ ವೇಗದ ಹುಚ್ಚು ಹೊಸದಲ್ಲ. ಇಲ್ಲಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ವರ್ಷಗಳಿಂದ ರ‍್ಯಾಲಿ ನಡೆಯುತ್ತ ಬಂದಿದೆ. 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತು ಇಲ್ಲೇ ನಡೆದಾಗ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5. ಅದೂ 1.6 ಲೀಟರಿನ ಟರ್ಬೊ ಕಾರೇ. ಸ್ಪರ್ಧೆ ನಡೆಯುವಾಗ ಆ ದಾರಿಗೆ ಬೇರೆ ವಾಹನಕ್ಕೆ ಪ್ರವೇಶವಿಲ್ಲ, ಆಂಬುಲೆನ್ಸ್ ಸಿದ್ಧ, ಕಾರಿನೊಳಗೆ ಉಕ್ಕಿನ ಪಂಜರ. ಇನ್ನೂ ಸ್ವಾರಸ್ಯವೆಂದರೆ, ಆ ದರ್ಜೆಯ ಕಾರುಗಳಲ್ಲಿ ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ನಿಯಮವೇ 32 ಮಿಲಿಮೀಟರಿನ ಬಳೆ ತೊಡಿಸಿದೆ. ಎಲ್ಲರ ಉಸಿರೂ ಒಂದೇ ಅಳತೆ. ಉಳಿದದ್ದೆಲ್ಲ ಚಾಲಕನ ಕೈ, ಕಾಲು ಮತ್ತು ಪಕ್ಕದಲ್ಲಿ ಕೂತು ದಾರಿ ಓದಿ ಹೇಳುವವನ ದನಿ.