ಬೆಳೆದವರ ಮನೆಯ ಲೋಟದಲ್ಲೂ ಒಳ್ಳೆಯ ಕಾಫಿ ಇರಲಿ



ನಮ್ಮ ಮಲೆನಾಡಿನಲ್ಲಿ ಬೆಳಗಾಗುವುದೇ ಕಾಫಿಯಿಂದ. ಕೊಟ್ಟಿಗೆಯ ಕೆಲಸ ಮುಗಿಸಿ, ಜಗುಲಿಯ ಮೇಲೆ ಕುಳಿತು ಬಿಸಿ ಲೋಟವನ್ನು ಕೈಯಲ್ಲಿ ಹಿಡಿದ ಮೇಲೆಯೇ ದಿನದ ದುಡಿಮೆಗೆ ಮನಸ್ಸು ಅಣಿಯಾಗುವುದು. ಮನೆಗೆ ಬಂದವರನ್ನು ಮೊದಲು ಕೇಳುವ ಮಾತು 'ಕಾಫಿ ಆಯ್ತೇ?' ಎಂದು. ಹೆಣ್ಣು ನೋಡುವ ಶಾಸ್ತ್ರವಿರಲಿ, ಗದ್ದೆ ಬದುವಿನ ತಕರಾರಿರಲಿ, ಕಾಫಿ ಬಂದ ಮೇಲೆ ಮಾತು ಸ್ವಲ್ಪ ಮೆತ್ತಗಾಗುತ್ತದೆ. ಕಾಫಿ ಕುಡಿಸದೆ ಕಳುಹಿಸಿದರೆ ಬಂದವರಿಗೂ ಸಮಾಧಾನವಿಲ್ಲ, ಮನೆಯವರಿಗೂ ಸಮಾಧಾನವಿಲ್ಲ.

ಈಗ ಒಂದು ಮಾತು ಕೇಳುತ್ತೇನೆ, ಬೇಸರಪಡಬೇಡಿ. ಕಾಫಿ ಬೆಳೆಯುವ ನಿಮ್ಮ ಮನೆಯಲ್ಲಿ ಕುಡಿಯುವುದು ಎಂಥ ಕಾಫಿ?

ನಾನು ಹೋಗಿಬಂದ ಬಹಳಷ್ಟು ಮನೆಗಳಲ್ಲಿ ಕಂಡದ್ದು ಇಷ್ಟು. ಕಣದ ಮೇಲೆ ಚಿನ್ನದ ಬಣ್ಣದ ಪಾರ್ಚ್‌ಮೆಂಟ್ ಒಣಗುತ್ತಿರುತ್ತದೆ. ಒಳಗಿನಿಂದ ಬರುವ ಕಾಫಿ ಮಾತ್ರ ಪೇಟೆಯಿಂದ ತಂದ ಚಿಕೋರಿ ಬೆರೆತ ಪುಡಿಯದು, ಇಲ್ಲವೇ ಗಿಡದ ಬುಡದಲ್ಲಿ ಆಯ್ದ ಉದುರು ಕಾಯಿ, ತೇಲು ಕಾಯಿ, ಕರಿ ಕಾಳುಗಳನ್ನು ಹುರಿದು ಮಾಡಿದ್ದು. 'ಒಳ್ಳೆಯದಕ್ಕೆ ರೇಟಿದೆ, ಮನೆಗೆ ಯಾವುದಾದರೇನು?' ಎಂಬುದು ಎಲ್ಲರ ಉತ್ತರ. ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ನೀರು ಮಜ್ಜಿಗೆ ಕೊಡುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಈ ಪದ್ಧತಿ ತಪ್ಪು. ಇದರಿಂದ ಬಾಯಿ ರುಚಿಗಷ್ಟೇ ಅಲ್ಲ, ಕಸುಬಿಗೂ ನಷ್ಟ ಎಂಬುದು ನನ್ನ ಅಭಿಪ್ರಾಯ.

ಏಕೆ ಹೀಗಾಯಿತು?

17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರಬ್ಬೀ ನಾಡಿನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ನಿಮಗೆಲ್ಲ ತಿಳಿದದ್ದೇ. ಮುಂದೆ 19ನೆಯ ಶತಮಾನದಲ್ಲಿ ಆಂಗ್ಲರು ದೊಡ್ಡ ತೋಟಗಳನ್ನು ಮಾಡಿದ್ದು ಹಡಗಿಗೆ ತುಂಬಿ ಕಳುಹಿಸುವುದಕ್ಕಾಗಿ. 1942ರ ಕಾಯಿದೆಯ ನಂತರ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ಒಬ್ಬರ ಕಾಫಿ ಇನ್ನೊಬ್ಬರ ಕಾಫಿಯೊಡನೆ ದರ್ಜೆವಾರು ಸೇರಿಹೋಗುತ್ತಿತ್ತು; ಹಣ ಕಂತು ಕಂತಾಗಿ ಬರುತ್ತಿತ್ತು. ಕಷ್ಟಕಾಲದಲ್ಲಿ ಆ ವ್ಯವಸ್ಥೆ ಬೆಳೆಗಾರರನ್ನು ಉಳಿಸಿತು, ನಿಜ. ಆದರೆ ನಮ್ಮ ತೋಟದ ಕಾಫಿಯ ರುಚಿ ಏನೆಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಬೆಳೆಯನ್ನು ತಾವೇ ಮಾರಲು ಪೂರ್ತಿ ಸ್ವತಂತ್ರರಾದರು. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದು, ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ರುಚಿ ನೋಡಿ ಬೆಲೆ ಕಟ್ಟುವ ಕೊಳ್ಳುಗರು ಈಗ ಇದ್ದಾರೆ. ಅವರ ನಾಲಿಗೆಗೆ ನಮ್ಮ ತೋಟದ ರುಚಿ ಗೊತ್ತು, ನಮ್ಮ ನಾಲಿಗೆಗೆ ಗೊತ್ತಿಲ್ಲ ಎಂದಾದರೆ, ವ್ಯಾಪಾರದಲ್ಲಿ ನಾವು ಕಣ್ಣು ಕಟ್ಟಿಕೊಂಡು ಕುಳಿತಂತೆ.

ಲೋಟ ಕಲಿಸುವ ಪಾಠ

ಕೊಯ್ಲು ಮತ್ತು ಸಂಸ್ಕರಣೆಯಲ್ಲಿ ಆದ ಪ್ರತಿಯೊಂದು ತಪ್ಪೂ ಲೋಟದಲ್ಲಿ ಕಾಣಿಸಿಕೊಳ್ಳುತ್ತದೆ. ಹಸಿರು ಕಾಯಿ ಹೆಚ್ಚು ಸೇರಿದ್ದರೆ ನಾಲಿಗೆ ಹಿಡಿಯುವಂಥ ಒಗರು. ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕದೆ ಮೂಟೆಯಲ್ಲೇ ಬಿಟ್ಟಿದ್ದರೆ, ಅಥವಾ ತೊಟ್ಟಿಯಲ್ಲಿ ಹುಳಿ ಮೀರಿದ್ದರೆ, ಹಳಸಿದ ವಾಸನೆ. ಬರಿ ನೆಲದ ಮೇಲೆ ಒಣಗಿಸಿದ್ದರೆ ಮಣ್ಣಿನ ವಾಸನೆ. ಪಾರ್ಚ್‌ಮೆಂಟ್‌ನ ತೇವಾಂಶವನ್ನು ಶೇಕಡಾ 10ಕ್ಕೆ ಇಳಿಸದೆ ಮೂಟೆ ಕಟ್ಟಿದ್ದರೆ ಮುಗ್ಗಲು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವಂಥದು. ಗೊಬ್ಬರದ ಅಥವಾ ಔಷಧಿಯ ಪಕ್ಕದಲ್ಲಿ ಇಟ್ಟಿದ್ದರೆ ಅದನ್ನೂ ಲೋಟ ಹೇಳಿಬಿಡುತ್ತದೆ.

ಈ ದೋಷಗಳನ್ನು ಮುಚ್ಚುವ ಉಪಾಯಗಳು ಎರಡು: ಕರ್ರಗೆ ಹುರಿಯುವುದು, ಚಿಕೋರಿ ಬೆರೆಸುವುದು. ಚಿಕೋರಿ ವಿಷವೇನಲ್ಲ, ಗಟ್ಟಿ ಡಿಕಾಕ್ಷನ್ ಬೇಕೆನ್ನುವವರಿಗೆ ಅದು ಹಿಡಿಸುತ್ತದೆ. ಆದರೆ ನಿಯಮದಂತೆ ಚಿಕೋರಿ ಮಿಶ್ರ ಪುಡಿಯಲ್ಲಿ ಅದು ಶೇಕಡಾ 49ರವರೆಗೂ ಇರಬಹುದು. ಕಾಫಿ ಬೆಳೆದು ಮಾರಿ, ಆ ಹಣದಲ್ಲಿ ಅರ್ಧಕ್ಕರ್ಧ ಬೇರಿನ ಪುಡಿಯನ್ನು ಕೊಂಡು ತರುವುದು ಬೆಳೆಗಾರರಿಗೆ ಒಪ್ಪುವ ಮಾತೇ?

ಎಷ್ಟು ಬೇಕು?

ಲೆಕ್ಕ ಹಾಕಿ ನೋಡೋಣ. ಐದು ಜನರ ಮನೆ, ಒಬ್ಬೊಬ್ಬರಿಗೆ ದಿನಕ್ಕೆ ಎರಡು ಲೋಟ, ಲೋಟಕ್ಕೆ 8 ಗ್ರಾಂ ಪುಡಿ. ವರ್ಷಕ್ಕೆ ಸುಮಾರು 29 ಕಿಲೋ ಪುಡಿಯಾಯಿತು. ಹುರಿಯುವಾಗ ತೂಕ ಇಳಿಯುವುದರಿಂದ 35 ಕಿಲೋ ಬೀಜ ಬೇಕು. 50 ಕಿಲೋದ ಒಂದೇ ಒಂದು ಮೂಟೆ ಪಾರ್ಚ್‌ಮೆಂಟ್ ಎತ್ತಿಟ್ಟರೆ ಮನೆಗೂ ಸಾಕು, ಬಂದುಹೋಗುವ ನೆಂಟರಿಗೂ ಸಾಕು. ಪಾರ್ಚ್‌ಮೆಂಟ್ ರೂಪದಲ್ಲೇ ಇಟ್ಟು, ಬೇಕಾದಾಗ ಬೇಕಾದಷ್ಟನ್ನು ಒರಳಿನಲ್ಲಿ ಕುಟ್ಟಿ ಕೇರಿಕೊಂಡರೆ ಬೀಜ ಚೆನ್ನಾಗಿ ಉಳಿಯುತ್ತದೆ. ರೊಬಸ್ಟಾ ಬೆಳೆಯುವವರು ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ, ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಎನ್ನುವಷ್ಟು ಒಣಗಿಸಿದ ಚೆರ್ರಿಯನ್ನು ಇಟ್ಟುಕೊಳ್ಳಲಿ. ಬೆಲ್ಲ ಹಾಕಿದ ಕರಿ ಕಾಫಿಗೆ ಅದು ಬಹಳ ಹೊಂದುತ್ತದೆ.

ಹುರಿಯಲು ದಪ್ಪ ತಳದ ಕಬ್ಬಿಣದ ಬಾಣಲೆ ಸಾಕು. ಹದವಾದ ಉರಿಯಲ್ಲಿ ಕೈ ಬಿಡದೆ ಆಡಿಸುತ್ತಿರಿ. ಬೀಜ ಹಳದಿಯಾಗಿ, ಕಂದಾಗಿ, ಚಟಪಟ ಸಿಡಿದ ಸ್ವಲ್ಪ ಹೊತ್ತಿಗೆ ಇಳಿಸಿ ಮೊರದಲ್ಲಿ ಹರಡಿ ಆರಿಸಿ. ವಾರಕ್ಕೆ ಬೇಕಾದಷ್ಟನ್ನೇ ಪುಡಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಫಿಲ್ಟರ್‌ಗೆ ಕುದಿ ಇಳಿದ ಬಿಸಿ ನೀರು ಹಾಕಿ, ತಾಳ್ಮೆಯಿಂದ ಇಳಿಯಲು ಬಿಡಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಬೇಡಿ.

ಮೊದಲ ಗುಟುಕನ್ನು ಮಾತ್ರ ಹಾಲು ಸಕ್ಕರೆ ಇಲ್ಲದೆ ಕುಡಿಯಿರಿ. ಅದು ಪರೀಕ್ಷೆ. ಉದುರು ಕಾಯಿಯ ಕಾಫಿಯನ್ನೂ ಹಾಗೆಯೇ ಮಾಡಿ ಪಕ್ಕದಲ್ಲಿಟ್ಟು ಹೋಲಿಸಿ. ವ್ಯತ್ಯಾಸ ತಿಳಿಯಲು ಪಂಡಿತರಾಗಬೇಕಾಗಿಲ್ಲ. ಪರೀಕ್ಷೆ ಮುಗಿದ ಮೇಲೆ ಹಾಲು ಬೆರೆಸಿ ಸುಖವಾಗಿ ಕುಡಿಯಿರಿ!

ಕೊಯ್ಯುವ ಕೈಗೂ ಕೊಡಿ

ಇನ್ನೊಂದು ಮಾತು. ತೋಟದಲ್ಲಿ ಕೆಲಸದವರಿಗೆ ಕೊಡುವ ಹತ್ತು ಗಂಟೆಯ ಕಾಫಿಯೂ ಇದೇ ಆಗಿರಲಿ. 'ಕೆಂಪು ಹಣ್ಣನ್ನೇ ಬಿಡಿಸಿ, ಹಸಿರು ಕಾಯಿ ಬಿಡಿ' ಎಂದು ಪ್ರತಿ ಕೊಯ್ಲಿನಲ್ಲೂ ಕೂಗುತ್ತೇವೆ. ಏಕೆಂಬುದನ್ನು ಅವರ ನಾಲಿಗೆಗೆ ಎಂದಾದರೂ ತೋರಿಸಿದ್ದೇವೆಯೇ? ಕಾಯಿ ಬೆರೆತದ್ದು ಒಂದು ಲೋಟ, ಹಣ್ಣಿನದು ಒಂದು ಲೋಟ ಕೊಟ್ಟು ನೋಡಿ. ಹತ್ತು ಸಲ ಹೇಳುವುದನ್ನು ಅದು ಒಂದೇ ಸಲಕ್ಕೆ ಹೇಳುತ್ತದೆ. ಬಿಸಿಲು ಚಳಿ ಎನ್ನದೆ ದುಡಿದ ಕೈಗೆ ತಾನು ಬಿಡಿಸಿದ ಹಣ್ಣಿನ ಸವಿ ಸಲ್ಲುವುದು ನ್ಯಾಯವೂ ಹೌದು.

2024 ಮತ್ತು 2025ರಲ್ಲಿ ಕಾಫಿಯ ಬೆಲೆ ಬಹಳ ಏರಿದ್ದನ್ನು ನೋಡಿದ್ದೀರಿ. ಬೆಲೆ ಏರಿದಾಗ ಅವಸರದಲ್ಲಿ ಕಾಯಿ ಹಣ್ಣು ಒಟ್ಟಿಗೆ ಬಾಚುವ ಆಸೆ ಸಹಜ. ಬೆಲೆ ಯಾವತ್ತೂ ಮೇಲೆಯೇ ನಿಲ್ಲುವುದಿಲ್ಲ. ಇಳಿದ ದಿನ ಕೊಳ್ಳುಗರು ಮೊದಲು ಹುಡುಕಿ ಬರುವುದು ಒಳ್ಳೆಯ ಮಾಲಿನ ಮನೆಗೆ.

ಆದುದರಿಂದ ಈ ಸಲದ ಕೊಯ್ಲಿನಲ್ಲಿ, ವ್ಯಾಪಾರಿಗೆ ತೂಗುವ ಮೊದಲು, ಅತ್ಯುತ್ತಮವಾದ ಒಂದು ಮೂಟೆಯ ಮೇಲೆ 'ಮನೆಗೆ' ಎಂದು ಬರೆದು ಒಳಗಿಡಿ. ಮರುದಿನ ಬೆಳಿಗ್ಗೆ ಅದರ ಕಾಫಿಯನ್ನು ಮನೆಮಂದಿಯೆಲ್ಲ ಕುಳಿತು ಕುಡಿಯಿರಿ. ಚೆನ್ನಾಗಿದ್ದರೆ ವರ್ಷದ ದುಡಿಮೆ ಸಾರ್ಥಕ. ಚೆನ್ನಾಗಿಲ್ಲದಿದ್ದರೆ ಎಲ್ಲಿ ತಪ್ಪಿತೆಂದು ನಿಮಗೇ ತಿಳಿಯುತ್ತದೆ, ಮುಂದಿನ ಕೊಯ್ಲಿಗೆ ತಿದ್ದಿಕೊಳ್ಳಬಹುದು.